ಡಿಎಸ್3231 ಡ್ರೈವರ್: ಅಲಾರಂ ಹೊತ್ತಿಗೆ ಮೊದಲೇ ಇಂಟರಪ್ಟ್ ಬರುತ್ತಿದೆ

ಬೆಸುಗೆಮನೆ:
ಮೂರು ರಾತ್ರಿ ಹೋಯಿತು, ತಲೆ ಕೆಟ್ಟಿದೆ. ಡಿಎಸ್3231 ಗಡಿಯಾರ ಚಿಪ್‌ಗೆ ಸ್ವಂತ ಲಿನಕ್ಸ್ ಕರ್ನಲ್ ಡ್ರೈವರ್ (ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಬರೆಯುತ್ತಿದ್ದೇನೆ. ಡೇಟಾಶೀಟ್‌ನಲ್ಲಿ ಇರುವುದೆಲ್ಲ ಬೇಕು: ಎರಡೂ ಅಲಾರಂ, ಉಷ್ಣತೆ, 32 ಕಿಲೋಹರ್ಟ್ಸ್ ಔಟ್‌ಪುಟ್, ಏಜಿಂಗ್ ಆಫ್‌ಸೆಟ್ (ಗಡಿಯಾರದ ವೇಗ ತಿದ್ದುವ ಅಂಕಿ). ಸಮಯ ಸರಿಯಾಗಿ ಓದುತ್ತದೆ. ಆದರೆ ಅಲಾರಂ ಹೊತ್ತು ಬರುವ ಮೊದಲೇ ಇಂಟರಪ್ಟ್ (ಚಿಪ್ ಪ್ರೊಸೆಸರ್‌ಗೆ ಕಳಿಸುವ ಕರೆ) ಬರುತ್ತದೆ. ಅಲಾರಂ ಹೊಡೆದಿದೆ ಎಂದು ತೋರಿಸುವ ಫ್ಲ್ಯಾಗ್ ನೋಡಿದರೆ ಸೊನ್ನೆ. ಎಲ್ಲಿ ತಪ್ಪಿದೆ?

ತಂತಿರಾಯ:
ಪುಲ್‌ಅಪ್ (ಪಿನ್ನನ್ನು ಮೇಲಕ್ಕೆ ಎಳೆದಿಡುವ ರೆಸಿಸ್ಟರ್) ಇಲ್ಲ. ಇಂಟರಪ್ಟ್ ಪಿನ್ ಓಪನ್ ಡ್ರೇನ್, ಅಂದರೆ ತಾನಾಗಿ ಕೆಳಕ್ಕೆ ಮಾತ್ರ ಎಳೆಯುತ್ತದೆ. 10 ಕಿಲೋ ಓಮ್ ಹಾಕಿ.

ಬೆಸುಗೆಮನೆ:
ಹಾಕಿದೆ. ಹಾಗೇ ಇದೆ.

ತಂತಿರಾಯ:
ಹಾಗಾದರೆ 4.7 ಹಾಕಿ. ತಂತಿ ಎಷ್ಟುದ್ದ? ನನ್ನ ಹತ್ತಿರ ಇಂಥ ಎಂಟು ಮಾಡ್ಯೂಲ್ ಓಡುತ್ತಿವೆ. ಎಲ್ಲಕ್ಕೂ ಗೇಣುದ್ದದ ತಂತಿ, ಒಂದೂ ತೊಂದರೆ ಕೊಟ್ಟಿಲ್ಲ.

ಹಳೇಬೋರ್ಡ್:
ಈ ಚಿಪ್ ಕೂರಿಸಿದ ಜೆಡ್‌ಎಸ್-042 ಮಾಡ್ಯೂಲಾ? ಸಿಆರ್2032 ಬಟನ್ ಸೆಲ್ ಹಾಕಿದ್ದರೆ ಮೊದಲು ತೆಗೆಯಿರಿ. ಆ ಬೋರ್ಡಿಗೆ 5 ವೋಲ್ಟ್ ಕೊಟ್ಟರೆ ಡಯೋಡ್, ರೆಸಿಸ್ಟರ್ ಮೂಲಕ ಸೆಲ್‌ಗೆ ಚಾರ್ಜ್ ಹೋಗುತ್ತದೆ. ಸಿಆರ್2032 ಚಾರ್ಜ್ ಮಾಡುವ ಸೆಲ್ ಅಲ್ಲ.

ತಂತಿರಾಯ:
3.3 ವೋಲ್ಟಿನಲ್ಲಿ ಏನೂ ಆಗಲ್ಲ. ಸುಮ್ನೆ ಹೆದರಿಸಬೇಡಿ.

ಹಳೇಬೋರ್ಡ್:
3.3 ಕೊಟ್ಟಿದ್ದೇನೆ ಅಂತ ಅವರು ಎಲ್ಲಿ ಬರೆದಿದ್ದಾರೆ?

ರಿಜಿಸ್ಟರ್ಓದುಗ:
ನಿಮಿಷಕ್ಕೆ ಎಷ್ಟು ಇಂಟರಪ್ಟ್ ಬರುತ್ತಿದೆ? ಎಣಿಸಿ ಹೇಳಿ.

ಬೆಸುಗೆಮನೆ:
60. ಎರಡು ಸಲ ಎಣಿಸಿದೆ. ಹಾಂ, 1 ಹರ್ಟ್ಸ್ ಸ್ಕ್ವೇರ್ ವೇವ್ (ಸೆಕೆಂಡಿಗೊಮ್ಮೆ ಏರಿಳಿಯುವ ಸಿಗ್ನಲ್) ಕೂಡ ಆನ್ ಮಾಡಿದ್ದೇನೆ, ಎಲ್‌ಇಡಿ ಮಿನುಗಿಸಲು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಲ್ವಾ?

ರಿಜಿಸ್ಟರ್ಓದುಗ:
ಅದೇ ಕಾರಣ. ತಂತಿಯ ಗದ್ದಲ ಇಷ್ಟು ಲೆಕ್ಕವಾಗಿ ಬರುವುದಿಲ್ಲ. ಅಲಾರಂ ಮತ್ತು ಸ್ಕ್ವೇರ್ ವೇವ್ ಎರಡಕ್ಕೂ ಇರುವುದು ಒಂದೇ ಪಿನ್. ಕಂಟ್ರೋಲ್ ರಿಜಿಸ್ಟರಿನ (ಚಿಪ್ಪಿನ ಸೆಟ್ಟಿಂಗ್ ಇಡುವ ಜಾಗ) ಐಎನ್‌ಟಿಸಿಎನ್ ಬಿಟ್ 1 ಇದ್ದರೆ ಅಲಾರಂ, 0 ಇದ್ದರೆ ಸ್ಕ್ವೇರ್ ವೇವ್. 0 ಇರುವಾಗ ಅಲಾರಂ ಹೊತ್ತು ಬಂದರೆ ಫ್ಲ್ಯಾಗ್ ಏಳುತ್ತದೆ, ಪಿನ್‌ಗೆ ಗೊತ್ತೇ ಆಗುವುದಿಲ್ಲ.

ಎರಡರಲ್ಲಿ ಒಂದನ್ನು ಬಿಡಲೇಬೇಕು. ಕರ್ನಲ್‌ನಲ್ಲೇ ಇರುವ ಆರ್‌ಟಿಸಿ-ಡಿಎಸ್1307 ಡ್ರೈವರ್ ಓದಿ. ಅದು ಈ ಚಿಪ್ಪನ್ನೂ ನೋಡಿಕೊಳ್ಳುತ್ತದೆ. ಅಲಾರಂ ಇದ್ದರೆ ಸ್ಕ್ವೇರ್ ವೇವ್ ಕ್ಲಾಕನ್ನು ನೋಂದಾಯಿಸುವುದೇ ಇಲ್ಲ. 32 ಕಿಲೋಹರ್ಟ್ಸ್‌ಗೆ ಬೇರೆ ಪಿನ್ ಇದೆ, ಇಟ್ಟುಕೊಳ್ಳಿ. ಉಷ್ಣತೆಯನ್ನು ಎಚ್‌ಡಬ್ಲ್ಯೂಮಾನ್‌ಗೆ (ಸೆನ್ಸರ್ ನೋಡಿಕೊಳ್ಳುವ ಕರ್ನಲ್ ಭಾಗ) ಕೊಡಿ. ಚಿಪ್ ಅಳೆಯುವುದೇ 64 ಸೆಕೆಂಡಿಗೊಮ್ಮೆ, ಜಾಸ್ತಿ ಸಲ ಕೇಳಿ ಲಾಭವಿಲ್ಲ.

ಎರಡನೇ ಅಲಾರಂ ಬಿಡಿ. ಅದಕ್ಕೆ ಸೆಕೆಂಡೇ ಇಲ್ಲ. ಕರ್ನಲ್‌ನ ಆರ್‌ಟಿಸಿ (ಗಡಿಯಾರ ಚಿಪ್) ಸಬ್‌ಸಿಸ್ಟಮ್ ಒಂದು ಸಾಧನಕ್ಕೆ ಒಂದೇ ಅಲಾರಂ ಕೇಳುತ್ತದೆ, ಟೈಮರ್‌ಗಳ ಸಾಲನ್ನು ಅದರ ಮೇಲೆ ತಾನೇ ನಡೆಸುತ್ತದೆ. ಕರ್ನಲ್‌ನಲ್ಲಿ ಕೇಳುವವರೇ ಇಲ್ಲದ ಫೀಚರ್ ಬರೆದರೆ ಅದನ್ನು ಯಾರೂ ಪರೀಕ್ಷಿಸುವುದಿಲ್ಲ.

ಬೆಸುಗೆಮನೆ:
ಸ್ಕ್ವೇರ್ ವೇವ್ ತೆಗೆದೆ. ಅಲಾರಂ ಸೆಕೆಂಡಿಗೆ ಸರಿಯಾಗಿ ಬಂತು! ತುಂಬಾ ಥ್ಯಾಂಕ್ಸ್. ಏಜಿಂಗ್ ಆಫ್‌ಸೆಟ್ ಕೂಡ ಬಿಡಲಾ?

ರಿಜಿಸ್ಟರ್ಓದುಗ:
ಬೇಡ, ಅದಕ್ಕೆ ಜಾಗ ಇದೆ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳನ್ನು ಕಡತಗಳಾಗಿ ತೋರಿಸುವ ಜಾಗ) ಆಫ್‌ಸೆಟ್ ಅಂತ ಒಂದು ಕಡತ ಇದೆ, ನೂರು ಕೋಟಿಗೆ ಎಷ್ಟು ಎಂಬ ಲೆಕ್ಕ. 25 ಡಿಗ್ರಿಯಲ್ಲಿ ಚಿಪ್ಪಿನ ಒಂದು ಮೆಟ್ಟಿಲು ಸುಮಾರು 100. ಎರಡರಲ್ಲೂ ಪ್ಲಸ್ ಅಂದರೆ ಗಡಿಯಾರ ನಿಧಾನ.

ತಂತಿರಾಯ:
ಆದರೂ ಪುಲ್‌ಅಪ್ ತೆಗೆಯಬೇಡಿ.

ಹಳೇಬೋರ್ಡ್:
ಎಷ್ಟು ವೋಲ್ಟ್ ಕೊಟ್ಟಿದ್ದೀರಿ, ಇನ್ನೂ ಹೇಳಿಲ್ಲ.