ಸಹಾಯ ಬೇಕು: ಹಳೇ ಎನ್‌ಗ್ರೇವಿಂಗ್ ಮೆಷಿನ್ ಕನ್ನಡ ಅಕ್ಷರದ ಮಧ್ಯೆ ಕೈಕೊಡ್ತಿದೆ

ಚಿಕ್ಕಮಗಳೂರಲ್ಲಿ ನಮ್ಮದು ನಾಮಫಲಕದ ಅಂಗಡಿ. ಎಸ್ಟೇಟ್ ಗೇಟಿನ ಹಿತ್ತಾಳೆ ಬೋರ್ಡು, ದೇವಸ್ಥಾನಕ್ಕೆ ಕೊಡೋ ವಸ್ತುಗಳ ಮೇಲೆ ದಾನಿಗಳ ಹೆಸರು, ಇಂಥ ಕೆಲಸ. ಸೆಕೆಂಡ್ ಹ್ಯಾಂಡ್ ಮೆಷಿನ್ ಗಟ್ಟಿಮುಟ್ಟಾಗಿದೆ, ಆದ್ರೆ ಇರೋದು ಸೀರಿಯಲ್ ಪೋರ್ಟ್ ಮಾತ್ರ. ಸಿಎನ್‌ಸಿ ಮೆಷಿನ್‌ಗಳ ಕಮಾಂಡ್ ಭಾಷೆ ಜಿ-ಕೋಡ್ ಅರ್ಥ ಆಗಲ್ಲ, ಪೆನ್ನಿಂದ ಚಿತ್ರ ಬರೆಯೋ ಪ್ಲಾಟರ್‌ಗಳ ಭಾಷೆ ಎಚ್‌ಪಿಜಿಎಲ್ ಬೇಕು.

ಇಂಕ್‌ಸ್ಕೇಪ್ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ 1016 ಡಿಪಿಐ ಇಟ್ಟು (ಯೂನಿಟ್‌ಗೆ 0.025 ಮಿ.ಮೀ.) 9600 ಬಾಡ್ ವೇಗದಲ್ಲಿ ಕಳಿಸ್ತಿದ್ದೀನಿ. ಚಿಕ್ಕ ಇಂಗ್ಲಿಷ್ ಹೆಸರು ನೀಟಾಗಿ ಬರುತ್ತೆ. ಕನ್ನಡ ಅಂದ್ರೆ ಒತ್ತು, ಕೊಂಬು, ಸುತ್ತು ಸೇರಿ ಪಾಯಿಂಟ್‌ಗಳೇ ರಾಶಿ. 'ಲಕ್ಷ್ಮೀ' ಅರ್ಧ ಆಗೋ ಹೊತ್ತಿಗೆ ಪಿಯು (ಪೆನ್ ಅಪ್, ಅಂದ್ರೆ ಕಟ್ಟರ್ ಮೇಲೆತ್ತು) ಕಮಾಂಡ್ ತಪ್ಪಿಹೋಗಿ, ಕಟ್ಟರ್ ಮೇಲೇಳದೆ ಪ್ಲೇಟಿಗೆ ಅಡ್ಡಲಾಗಿ ಸರ್ರಂತ ಗೀರು ಎಳೆದುಬಿಡುತ್ತೆ. ಹಿತ್ತಾಳೆ ರೇಟು ನಿಮಗೇ ಗೊತ್ತಲ್ಲ!

ಮೆಷಿನ್ನಿನ ಬಫರ್ (ಬಂದ ಡೇಟಾ ಸ್ವಲ್ಪ ಹೊತ್ತು ಇಟ್ಕೊಳ್ಳೋ ಮೆಮೊರಿ) ತುಂಬಿ ಡೇಟಾ ಕಳೆದುಹೋಗ್ತಿದೆ ಅಂತ ನನ್ನ ಅನುಮಾನ. ಯುಎಸ್‌ಬಿ ಕನ್ವರ್ಟರ್ ಕೇಬಲ್‌ನಲ್ಲಿ ಇರೋದು ಮೂರೇ ತಂತಿ, 'ತಡಿ, ಈಗ ಕಳಿಸು' ಅಂತ ಸಿಗ್ನಲ್ ಕೊಡೋ ಆರ್‌ಟಿಎಸ್-ಸಿಟಿಎಸ್ ತಂತಿ ಎಳೆದೇ ಇಲ್ಲ. ಅದೇ ಸಿಗ್ನಲ್ ಡೇಟಾ ತಂತಿಯಲ್ಲೇ ಕಳಿಸೋ ಎಕ್ಸ್‌ಆನ್-ಎಕ್ಸ್‌ಆಫ್‌ನಲ್ಲಿ ಸುಧಾರಿಸಬಹುದಾ, ಇಲ್ಲ ಕೇಬಲ್ಲೇ ಬದಲಿಸಬೇಕಾ? ಈ ಹ್ಯಾಂಡ್‌ಶೇಕ್ (ತಡಿ-ಕಳಿಸು ಸಿಗ್ನಲ್) ಸರಿಯಾಗಿ ನೋಡ್ಕೊಂಡು ಕಳಿಸೋ ಬೇರೆ ಕ್ಯಾಮ್ ಸಾಫ್ಟ್‌ವೇರ್ (ಡ್ರಾಯಿಂಗನ್ನ ಮೆಷಿನ್ ಕಮಾಂಡ್ ಮಾಡೋದು) ಇದ್ರೂ ಹೇಳಿ.

ಇನ್ನೊಂದು, ಒಂದೇ ಗೆರೆಯ ಕನ್ನಡ ಫಾಂಟ್ ಯಾರ ಹತ್ರ ಆದ್ರೂ ಇದೆಯಾ? ಮಾಮೂಲಿ ಫಾಂಟಲ್ಲಿ ಅಕ್ಷರದ ಅಂಚು ಸುತ್ತಿ ಎರಡೆರಡು ಗೆರೆ ಬರುತ್ತೆ.

ಹಾಸನ, ಬೇಲೂರು ಕಡೆ ಹಳೇ ಪ್ಲಾಟರ್ ಓಡಿಸಿದವರು ಇದ್ರೆ ವೈರಿಂಗ್ ಫೋಟೋ ಹಾಕಿ. ಹೊಸ ಕಂಟ್ರೋಲರ್ ಹಾಕು ಅನ್ನೋ ಸಲಹೆ ಸದ್ಯಕ್ಕೆ ಬೇಡ.