‘ಒಂದು ಗಂಟೆಯ ಇಂಧನ’ಕ್ಕೆ ಕನ್ನಡದಲ್ಲಿ ಏನೆನ್ನೋಣ?

ಕಾಡ್ಗಿಚ್ಚು ಎತ್ತ, ಎಷ್ಟು ಬೇಗ ಹರಡೀತು ಎಂದು ಲೆಕ್ಕಹಾಕುವ ಫ್ಲ್ಯಾಮ್‌ಮ್ಯಾಪ್ ಎಂಬ ಅಮೆರಿಕದ ತಂತ್ರಾಂಶವಿದೆ. ಅದಕ್ಕೆ ಹವಾಮಾನದ ವಿವರ ತುಂಬುವ ಬಗೆಯನ್ನು ಮೈಸೂರಿನ ಪರಿಸರ ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಉಷ್ಣಾಂಶ, ಮಳೆ, ಮೋಡ ಇವಕ್ಕೆ ಪದದ ಕೊರತೆಯಿಲ್ಲ. ತೊಡಕಾಗಿರುವುದು ಇಂಧನ.

ಕಾಡಿನ ಒಣ ಸೊಪ್ಪುಸದೆ, ಕಡ್ಡಿ, ಕೊಂಬೆಗಳನ್ನು ಈ ಶಾಸ್ತ್ರ ಗಂಟೆಗಳ ಲೆಕ್ಕದಲ್ಲಿ ವಿಂಗಡಿಸುತ್ತದೆ. 6 ಮಿ.ಮೀ.ಗಿಂತ ತೆಳುವಾದದ್ದು 1 ಗಂಟೆಯದು, 6ರಿಂದ 25 ಮಿ.ಮೀ. ದಪ್ಪದ್ದು 10 ಗಂಟೆಯದು, 25ರಿಂದ 75ರವರೆಗಿನದು 100 ಗಂಟೆಯದು. ‘ಒಂದು ಗಂಟೆಯ ಇಂಧನ’ ಎಂದು ಬರೆದರೆ ಓದುವವರು ಒಂದು ಗಂಟೆ ಉರಿಯುವ ಇಂಧನ ಎಂದೇ ತಿಳಿಯುತ್ತಾರೆ. ಆದರೆ ಗಂಟೆಯ ಲೆಕ್ಕ ಉರಿಯುವುದಕ್ಕಲ್ಲ, ಒಣಗುವುದಕ್ಕೆ. ಸುತ್ತಲಿನ ಹವೆ ಬದಲಾದಾಗ ಕಡ್ಡಿಯ ತೇವವೂ ಹೊಸ ಮಟ್ಟಕ್ಕೆ ಇಳಿಯಬೇಕಲ್ಲ, ಆ ಇಳಿತದ ಸುಮಾರು ಶೇ 63ರಷ್ಟು ಮುಗಿಯಲು ಹಿಡಿಯುವ ಹೊತ್ತು ಅದು. ಬೆಂಕಿ ಬೀಳುವುದಕ್ಕೆ ಮುಂಚಿನ ದಿನಗಳ ಬಿಸಿಲು, ಆರ್ದ್ರತೆಗಳನ್ನೂ ತಂತ್ರಾಂಶಕ್ಕೆ ಉಣಿಸುವುದು ಇದಕ್ಕಾಗಿಯೇ.

ಬಚ್ಚಲೊಲೆ ಹೊತ್ತಿಸಿದವರಿಗೆ ಈ ವಿಂಗಡಣೆ ಹೊಸದಲ್ಲ. ಮೊದಲು ತರಗು, ಆಮೇಲೆ ಪುಳ್ಳೆ, ಆಮೇಲೆ ಸೌದೆ. 1, 10, 100 ಗಂಟೆಗಳಿಗೆ ಕ್ರಮವಾಗಿ ಈ ಮೂರನ್ನೇ ಇಟ್ಟು, 75 ಮಿ.ಮೀ. ಮೀರಿದ್ದನ್ನು ಕೊರಡು ಎನ್ನಬೇಕೆಂದಿದ್ದೇನೆ. ಮಂಡ್ಯದ ಕಡೆ ಕಬ್ಬಿನ ಒಣಗರಿಗೂ ತರಗು ಎನ್ನುವುದರಿಂದ ಅದು ಸಲೀಸಾಗಿ ಹೊಂದುತ್ತದೆ. ಒಣಹುಲ್ಲನ್ನು ತರಗೆನ್ನಲು ಮನಸ್ಸು ಒಪ್ಪುತ್ತಿಲ್ಲ, ಅದೂ ಅದೇ ವರ್ಗಕ್ಕೆ ಸೇರಿದ್ದರೂ. ಸೌದೆಯೂ ಕಿರಿಕಿರಿಯದೇ: ಕಡಿದು ಸೀಳಿದ್ದು ಸೌದೆ, ಕಾಡಿನಲ್ಲಿ ತಾನಾಗಿ ಮುರಿದು ಬಿದ್ದ ಕೊಂಬೆ ಸೌದೆಯೇ?

ಎರಡನೆಯದು ತೇವಾಂಶ. ಗಾಳಿಯದಕ್ಕೆ ಆರ್ದ್ರತೆ, ಇಂಧನದ್ದಕ್ಕೆ ತೇವಾಂಶ ಎಂದು ಬೇರ್ಪಡಿಸಿದ್ದೇನೆ. ಆದರೆ ಖರೀದಿ ಕೇಂದ್ರದಲ್ಲಿ ಭತ್ತದ ತೇವಾಂಶ ಶೇ 17 ಮೀರಬಾರದು ಎನ್ನುವಾಗ ಒಟ್ಟು ತೂಕದಲ್ಲಿ ನೀರೆಷ್ಟು ಎಂದು ನೋಡುತ್ತಾರೆ. ಇಲ್ಲಿ ಒಣತೂಕದ ಮೇಲೆ ಲೆಕ್ಕ. 100 ಗ್ರಾಂ ಒಣತೂಕದ ಹಸಿರೆಲೆಯಲ್ಲಿ 120 ಗ್ರಾಂ ನೀರಿದ್ದರೆ ತೇವಾಂಶ ಶೇ 120. ಭತ್ತದ ಲೆಕ್ಕದಲ್ಲಿ ಅದೇ ಸುಮಾರು ಶೇ 55. ‘ಶೇ 120’ ಕಂಡ ಕೂಡಲೇ ಅಚ್ಚಿನ ತಪ್ಪೆಂದು ತಿದ್ದಿಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ‘ಒಣತೂಕದ ತೇವಾಂಶ’ ಎಂದು ಪ್ರತಿ ಸಲವೂ ಬರೆಯುವುದೊಂದೇ ದಾರಿಯೇ?

ಗಾಳಿಯ ವಿಷಯದಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ಪಡುವಣ ಗಾಳಿ ಎಂದರೆ ಪಡುವಣದಿಂದ ಬರುವ ಗಾಳಿ. ತಂತ್ರಾಂಶದಲ್ಲಿ ಅದು 270 ಡಿಗ್ರಿ, ಸಮತಟ್ಟು ನೆಲದಲ್ಲಿ ಬೆಂಕಿ ಮೂಡಣಕ್ಕೆ ಓಡುತ್ತದೆ. ‘ಗಾಳಿ ಬೀಸುವ ದಿಕ್ಕು’ ಎಂದರೆ ಗಾಳಿ ಹೋಗುವ ದಿಕ್ಕೆಂದು ತಿಳಿದು ಯಾರಾದರೂ 90 ತುಂಬಿದರೆ ಬೆಂಕಿ ತಿರುಗಿ ಓಡುತ್ತದೆ. ‘ಗಾಳಿ ಬರುವ ದಿಕ್ಕು’ ಎಂದೇ ಬರೆಯುತ್ತೇನೆ. ವೇಗಕ್ಕೆ ಮಾತ್ರ ಒಂದು ವಿವರಣೆ ಬೇಕಾಗುತ್ತದೆ: ನಮ್ಮ ಹವಾಮಾನ ಕೇಂದ್ರಗಳು ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆಯುತ್ತವೆ, ತಂತ್ರಾಂಶ ಕೇಳುವುದು ಗಿಡಮರಗಳ ನೆತ್ತಿಯಿಂದ 20 ಅಡಿ ಮೇಲಿನದನ್ನು. ‘ಮೇಲ್ಗಾಳಿ’ ಎಂದು ಕರೆಯೋಣವೆಂದರೆ ಓದುವವರ ಕಣ್ಣು ಮೋಡದತ್ತ ಹೋದೀತು.

ಉತ್ತರ ಕರ್ನಾಟಕ, ಕರಾವಳಿಯ ಬಲ್ಲವರು ತರಗು, ಪುಳ್ಳೆ ನಿಮ್ಮ ಕಡೆ ನಡೆಯುತ್ತವೆಯೇ ತಿಳಿಸಿ. ಕಾಡಿನಲ್ಲಿ ಬಿದ್ದ, ಮುಂಗೈ ದಪ್ಪದ ಒಣಕೊಂಬೆಗೆ ನಿಮ್ಮಲ್ಲಿ ಒಂದೇ ಪದವಿದ್ದರೆ ಅದನ್ನಂತೂ ತಪ್ಪದೆ ಬರೆಯಿರಿ.