ಫ್ರಾನ್ಸಿನಲ್ಲಿ ಫ್ರೆಂಚ್ ಕಲಿಕೆ: ಭಾನುವಾರದ ಪೂಜೆಯಿಂದ ಭಾಷೆಗೆ ಎಷ್ಟು ಲಾಭ?

ನೀಲಿಕೊಡೆ (ಪ್ರಶ್ನೆ):
ಲಿಯೋನ್‌ನಲ್ಲಿ ಜೂನ್‌ವರೆಗೆ ಫ್ರೆಂಚ್ ಕೋರ್ಸ್. ಸದ್ಯ ಬಿ1 ಮಟ್ಟ, ಗುರಿ ಅದರ ಮೇಲಿನ ಮಟ್ಟದ ಫ್ರೆಂಚ್ ಪರೀಕ್ಷೆ ಡೆಲ್ಫ್ ಬಿ2. ಕ್ಲಾಸಿನಲ್ಲಿ ಎಲ್ಲರೂ ಹೊರದೇಶದವರೇ ಆಗಿರುವುದರಿಂದ ಬ್ರೇಕ್ ಬಂತೆಂದರೆ ಮಾತು ಇಂಗ್ಲಿಷಿಗೆ ಜಾರುತ್ತದೆ. ಚರ್ಚಿನಲ್ಲಿ ಇಂಗ್ಲಿಷ್ ಪೂಜೆ (ಮಾಸ್) ಬಿಟ್ಟು ಫ್ರೆಂಚ್ ಪೂಜೆಗೇ ಹೋದರೆ ಭಾಷೆಗೆ ನಿಜವಾಗಿ ಉಪಯೋಗವಿದೆಯೇ? ಪ್ರಬೋಧನೆಯಲ್ಲಿ (ಫಾದರ್ ಕೊಡುವ ಉಪದೇಶ) ಕಾಲುಭಾಗವೂ ಅರ್ಥವಾಗುವುದಿಲ್ಲ. ಇನ್ನು ಮೂರು ಸಣ್ಣ ಪ್ರಶ್ನೆ: ಗುಡ್ ಫ್ರೈಡೇ ದಿನ ಕ್ಲಾಸ್ ಇದೆ, ರಜೆ ಕೇಳಬಹುದೇ? ಕೊರಳಲ್ಲಿ ಶಿಲುಬೆ ಹಾಕಿಕೊಂಡು ಹೋದರೆ ಯಾರಾದರೂ ಆಕ್ಷೇಪಿಸುತ್ತಾರಾ? ಸಿಸ್ಟರ್‌ಗಳು ನಡೆಸುವ ಫ್ವಾಯೆಯಲ್ಲಿ (ಹುಡುಗಿಯರ ಹಾಸ್ಟೆಲ್) ರೂಮು ಹಿಡಿಯುವುದು ಹೇಗೆ?

ಗ್ರಾಮರ್‌ಹುಳ:
ಉಪಯೋಗವಿದೆ. ಆದರೆ ಸುಮ್ಮನೆ ಬೆಂಚಿನ ಮೇಲೆ ಕೂತು ಎದ್ದು ಬಂದರೆ ಏನೂ ಇಲ್ಲ. ಕೆಲಸ ಶನಿವಾರವೇ ಶುರುವಾಗಬೇಕು.

ಫ್ರೆಂಚ್ ಕ್ಯಾಥೊಲಿಕ್ ಪೂಜಾಪಠ್ಯಗಳಿರುವ ಎ-ಇ-ಎಲ್-ಎಫ್ ಸೈಟಿನಲ್ಲಿ, ಅದರ ಆ್ಯಪ್‌ನಲ್ಲಿ ಆ ದಿನದ ವಾಚನ, ಕೀರ್ತನೆ, ಶುಭಸಂದೇಶ ಎಲ್ಲವೂ ಉಚಿತವಾಗಿ ಸಿಗುತ್ತವೆ. ಚರ್ಚಿನಲ್ಲಿ ಓದುವುದು ಅದೇ ಪಠ್ಯ. ಮೊದಲು ಶುಭಸಂದೇಶವನ್ನು ನಿಮ್ಮ ಭಾಷೆಯಲ್ಲಿ ಓದಿಕೊಳ್ಳಿ, ಆಮೇಲೆ ಫ್ರೆಂಚಿನಲ್ಲಿ ಎರಡು ಸಲ ಗಟ್ಟಿಯಾಗಿ ಓದಿ. ಗೊತ್ತಿಲ್ಲದ ಪದಗಳಲ್ಲಿ ಐದಾರನ್ನು ಮಾತ್ರ ಬರೆದುಕೊಳ್ಳಿ, ಎಲ್ಲವನ್ನೂ ಅಲ್ಲ. ಪ್ರಬೋಧನೆ ಸಾಮಾನ್ಯವಾಗಿ ಆ ಶುಭಸಂದೇಶದ ಸುತ್ತಲೇ ತಿರುಗುತ್ತದೆ. ವಿಷಯ ಮೊದಲೇ ತಲೆಯಲ್ಲಿದ್ದರೆ ಕಿವಿ ತಾನಾಗಿ ಹಿಡಿಯುತ್ತದೆ.

ಕೇಳಿಸದಿರಲು ಇನ್ನೊಂದು ಕಾರಣಕ್ಕೂ ನಿಮ್ಮ ಫ್ರೆಂಚಿಗೂ ಸಂಬಂಧವಿಲ್ಲ. ಹಳೆಯ ಕಲ್ಲಿನ ಚರ್ಚುಗಳಲ್ಲಿ ಪ್ರತಿಧ್ವನಿ ಜಾಸ್ತಿ, ವ್ಯಂಜನಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಹಿಂದಿನ ಬೆಂಚು ಬೇಡ. ಯಾವುದಾದರೂ ಕಂಬದ ಸ್ಪೀಕರ್ ಹತ್ತಿರ, ಫಾದರ್ ತುಟಿ ಕಾಣುವಂತೆ ಕೂತುಕೊಳ್ಳಿ. ಅಷ್ಟಾದರೂ ಆಗದಿದ್ದರೆ ರೇಡಿಯೋದಲ್ಲಿ ಅಭ್ಯಾಸ ಮಾಡಿ: ಫ್ರಾನ್ಸ್ ಕ್ಯುಲ್ತ್ಯುರ್ ಭಾನುವಾರ ಬೆಳಿಗ್ಗೆ ಪೂಜೆಯನ್ನೂ, ಅದಕ್ಕೂ ಮೊದಲು ಪ್ರೊಟೆಸ್ಟೆಂಟ್ ಆರಾಧನೆಯನ್ನೂ ಪ್ರಸಾರ ಮಾಡುತ್ತದೆ. ಫ್ರಾನ್ಸ್ 2 ಟಿವಿಯಲ್ಲಿ 'ಲ ಜೂರ್ ದ್ಯು ಸೆನ್ಯೋರ್' ಇದೆ. ರೀಪ್ಲೇಯಲ್ಲಿ ಎರಡೆರಡು ನಿಮಿಷದ ತುಂಡು ಮಾಡಿ, ಕೇಳಿದ್ದನ್ನು ಬರೆದುಕೊಂಡರೆ ಒಳ್ಳೆಯ ಡಿಕ್ಟೇಶನ್.

ಪರಲೋಕ ಮಂತ್ರವನ್ನು (ಯೇಸು ಕಲಿಸಿದ ಪ್ರಾರ್ಥನೆ) ಬಾಯಿಪಾಠ ಮಾಡುವುದಷ್ಟೇ ಅಲ್ಲ, ಬಿಡಿಸಿ ನೋಡಿ. 'ಕ ತೊಂ ನೊಂ ಸ್ವಾ ಸಾಂಕ್ತಿಫಿಯೆ, ಕ ತೊಂ ರೆಞ್ ವಿಯೆನ್, ಕ ತಾ ವೊಲೊಂತೆ ಸ್ವಾ ಫೆತ್': ಸಾಲಾಗಿ ಮೂರು ಸಬ್‌ಜಂಕ್ಟಿವ್ (ಆಗಲಿ, ಬರಲಿ ಎಂಬಂಥ ಕ್ರಿಯಾರೂಪ), ಬಿ1ನಲ್ಲಿ ಎಲ್ಲರೂ ಎಡವುವ ಜಾಗ. ಮೊದಲ ಸಾಲಿನ 'ಕಿ ಎ' ಬರೆಯುವಾಗ ಇ-ಎಸ್, ಇ-ಎಸ್-ಟಿ ಅಲ್ಲ, ಯಾಕೆಂದರೆ ಮಾತು 'ತ್ಯು'ಗೆ (ನೀನು). ಮರಿಯಮ್ಮನವರ ಪ್ರಾರ್ಥನೆಯಲ್ಲಿ ಮಾತ್ರ 'ವು' (ನೀವು) ಉಳಿದಿದೆ. ಇಂಟರ್‌ನೆಟ್ಟಿನಲ್ಲಿ ಪರಲೋಕ ಮಂತ್ರದ ಹಳೆಯ ಪಾಠವೂ ಓಡಾಡುತ್ತಿದೆ, ಹುಷಾರು. 2017ರ ಆಗಮನ ಕಾಲದಿಂದ (ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು) ಫ್ರಾನ್ಸಿನಲ್ಲಿ ಹೇಳುವುದು 'ನ ನೂ ಲೆಸ್ ಪಾ ಆಂತ್ರೆ ಆನ್ ತಾಂತಾಸಿಯೊಂ'. 'ಸೂಮೆ' ಇರುವುದು ಹಳೆಯದು. ಪೂಜಾಗ್ರಂಥದ ಅನುವಾದವೂ 2021ರ ಆಗಮನ ಕಾಲದಲ್ಲಿ ಬದಲಾಗಿದೆ, ಹಳೆಯ ಪುಸ್ತಕ ಹಿಡಿದು ಕೂತರೆ ಸುತ್ತಲಿನವರ ಜೊತೆ ದನಿ ಕೂಡುವುದಿಲ್ಲ.

ಮೂರನೇಬೆಂಚು:
ಮೇಲಿನದೆಲ್ಲ ಸರಿ, ಆದರೆ ಅದು ಕಿವಿಗಾಯಿತು. ಬಾಯಿಗೆ ಏನು? ಪೂಜೆಯ ಒಂದು ಗಂಟೆಯಲ್ಲಿ ಸ್ವಂತ ವಾಕ್ಯ ಒಂದೂ ಹೊರಡುವುದಿಲ್ಲ. ಲಾಭ ಇರುವುದು ಮುಗಿದ ಮೇಲಿನ ಇಪ್ಪತ್ತು ನಿಮಿಷದಲ್ಲಿ. ಬಹಳ ಕಡೆ ಆಗಾಗ 'ವೆರ್ ದ ಲಾಮಿತಿಯೆ' ಇಡುತ್ತಾರೆ, ಅಂದರೆ ಜ್ಯೂಸು ಕಾಫಿ ಹಿಡಿದು ನಿಂತು ಮಾತಾಡುವುದು. ಹೊಸಬರಿಗೆ ಅಲ್ಲೂ ಮಾತು ಎರಡು ನಿಮಿಷಕ್ಕೆ ನಿಲ್ಲುತ್ತದೆ: ಎಲ್ಲಿಂದ ಬಂದಿರಿ, ಏನು ಓದುತ್ತೀರಿ, ಮುಗಿಯಿತು.

ಅದಕ್ಕೆ ಒಂದು ಕೆಲಸ ಹಿಡಿಯಿರಿ. ಕುರ್ಚಿ ಜೋಡಿಸುವುದು, ಮಕ್ಕಳಿಗೆ ಹೋಂವರ್ಕ್ ಹೇಳಿಕೊಡುವುದು, ಬೀದಿಯಲ್ಲಿ ಮಲಗುವವರಿಗೆ ಬಿಸಿ ಊಟ ಹಂಚುವ ಮರೋದ್ ತಂಡ, ಯಾವುದಾದರೂ ಸರಿ. ಪ್ರತಿವಾರ ಅದೇ ಜನ, ಅದೇ ವಸ್ತು, ಅದೇ ಕ್ರಿಯಾಪದ. ಪರಿಚಿತ ಮುಖವಾದ ಮೇಲೆಯೇ ಫ್ರೆಂಚರು ನಿಮ್ಮ ತಪ್ಪು ತಿದ್ದುವುದು. ಕಾಯರ್ ಕೂಡ ಒಳ್ಳೆಯದು, ಒಂದೇ ಸಾಲನ್ನು ಹತ್ತು ಸಲ ಹಾಡಿಸುತ್ತಾರೆ. ಒಂದೇ ತೊಡಕು: ಹಾಡಿನಲ್ಲಿ ಪದದ ಕೊನೆಯ ಮೂಕ 'ಇ'ಯನ್ನು ಎಳೆಯುತ್ತಾರೆ. 'ಲ್ಯುಮಿಯೆ-ರ' ಎಂದು ಹಾಡಿದ್ದನ್ನು ಮಾತಿನಲ್ಲಿ 'ಲ್ಯುಮಿಯೆರ್' ಎಂದೇ ನಿಲ್ಲಿಸಬೇಕು.

ದೊಡ್ಡ ಪ್ರವಾಸಿ ಬಸಿಲಿಕಾ ಬೇಡ, ಅಲ್ಲಿ ವಾರವಾರವೂ ಬೇರೆ ಜನ. ಮೆಸ್ ಇನ್ಫೋ ಸೈಟಿನಲ್ಲಿ ಪೂಜೆಯ ಸಮಯ ನೋಡಿ, ಮನೆಯಿಂದ ನಡೆದು ಹೋಗುವಷ್ಟು ದೂರದ ಧರ್ಮಕೇಂದ್ರ ಆರಿಸಿ. ಭಾನುವಾರ ಬಸ್ಸು ಕಡಿಮೆ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೆ ಬರುತ್ತದೆ. ವಿದ್ಯಾರ್ಥಿಗಳ ಓಮೋನೆರಿ (ಕ್ಯಾಥೊಲಿಕ್ ವಿದ್ಯಾರ್ಥಿ ಕೇಂದ್ರ) ಇದ್ದರೆ ಅದನ್ನೂ ಕೇಳಿ, ವಾರಕ್ಕೊಮ್ಮೆ ಸಂಜೆ ಊಟ, ಚರ್ಚೆ ಇರುತ್ತದೆ. ಇವೆಲ್ಲ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತಂಡ ಕಟ್ಟುತ್ತವೆ. ಶಾಲಾ ರಜೆಗಳಲ್ಲಿ ಮತ್ತು ಜುಲೈ, ಆಗಸ್ಟ್‌ನಲ್ಲಿ ಬಹುಪಾಲು ನಿಂತೇ ಹೋಗುತ್ತವೆ.

ಪರಿಚಯವಾದ ಮೇಲೆ ಯಾರಾದರೂ ಮಕ್ಕಳನ್ನು ನೋಡಿಕೊಳ್ಳಲು ಕರೆಯುತ್ತಾರೆ. ಮಕ್ಕಳ ಫ್ರೆಂಚ್ ಕಿವಿಗೆ ಅಮೃತ, ಆದರೆ ದುಡ್ಡು ಕೊಟ್ಟರೆ ಸೆಸು (ಮನೆಗೆಲಸದ ಸಂಬಳವನ್ನು ಸರ್ಕಾರಕ್ಕೆ ತಿಳಿಸುವ ವ್ಯವಸ್ಥೆ) ಮೂಲಕ ಡಿಕ್ಲೇರ್ ಮಾಡಲು ಹೇಳಿ. ಆ ಗಂಟೆಗಳು ವಿದ್ಯಾರ್ಥಿ ವೀಸಾದ ವರ್ಷಕ್ಕೆ 964 ಗಂಟೆಯ ಮಿತಿಯೊಳಗೇ ಬರುತ್ತವೆ.

ನೀಲಿಕೊಡೆ:
ಧನ್ಯವಾದ ಇಬ್ಬರಿಗೂ. ಮುಂದಿನ ತಿಂಗಳು ಒಂದು ವಾಚನ ಓದಲು ಕೇಳಿದ್ದಾರೆ. ಉಚ್ಚಾರಣೆಯಲ್ಲಿ ಎಲ್ಲಿ ಎಡವಬಹುದು?

ಗ್ರಾಮರ್‌ಹುಳ:
ಮೊದಲು ಹೆಸರುಗಳಲ್ಲಿ. 'ಕ್ರಿಸ್ತ್' ಒಂದೇ ಬಂದರೆ ಕೊನೆಯ ಎರಡೂ ವ್ಯಂಜನ ಕೇಳಬೇಕು. 'ಜೆಜ್ಯು-ಕ್ರಿ' ಎಂದು ಒಟ್ಟಿಗೆ ಬಂದಾಗ ಸಾಂಪ್ರದಾಯಿಕವಾಗಿ ಅವು ಬಿದ್ದುಹೋಗುತ್ತವೆ. 'ಸ್ಯಾಂ' ಮತ್ತು 'ಎಸ್ಪ್ರಿ' ಸೇರಿ 'ಸ್ಯಾಂತೆಸ್ಪ್ರಿ'. ಎಫೆಸದವರಿಗೆ ಬರೆದ ಪತ್ರ 'ಓಜೆಫೆಜಿಯಾಂ', ಇಬ್ರಿಯರಿಗೆ ಬರೆದದ್ದು 'ಓಜೆಬ್ರೋ', ಎರಡರಲ್ಲೂ ನಡುವೆ 'ಜ್' ಬರಲೇಬೇಕು.

ಪೌಲನ ವಾಕ್ಯಗಳು ಅರ್ಧ ಪುಟ ಉದ್ದ. ಪ್ರಿಂಟ್ ತೆಗೆದು ಉಸಿರು ಬಿಡುವಲ್ಲಿ ಪೆನ್ಸಿಲ್ ಗೆರೆ ಹಾಕಿ. ಪ್ರತಿಧ್ವನಿ ಇರುವ ಚರ್ಚಿನಲ್ಲಿ ಮಾಮೂಲಿಗಿಂತ ನಿಧಾನ, ಪೂರ್ಣವಿರಾಮದಲ್ಲಿ ಪ್ರತಿಧ್ವನಿ ಅಡಗುವವರೆಗೆ ಕಾಯಬೇಕು. ಕೊನೆಗೆ 'ಪಾರೊಲ್ ದ್ಯು ಸೆನ್ಯೋರ್' ಎನ್ನುವ ಮುಂಚೆಯೂ ಒಂದು ಕ್ಷಣ ನಿಲ್ಲಿ. ಧರ್ಮಕೇಂದ್ರದ ಯಾರಾದರೂ ಹಿರಿಯರಿಗೆ ಒಮ್ಮೆ ಓದಿ ಕೇಳಿಸಿ, ಖುಷಿಯಿಂದ ತಿದ್ದುತ್ತಾರೆ.

ಸೆಗೊಂ_ಓದುಗ:
ಪ್ರೊಟೆಸ್ಟೆಂಟ್ ಕಡೆಯಿಂದ ಎರಡು ಮಾತು. ಇಲ್ಲಿ ಹುಡುಕಬೇಕಾದದ್ದು 'ಕ್ಯುಲ್ತ್' (ಪ್ರೊಟೆಸ್ಟೆಂಟ್ ಆರಾಧನೆ), 'ಮೆಸ್' (ಕ್ಯಾಥೊಲಿಕ್ ಪೂಜೆ) ಅಲ್ಲ. ರಿಫಾರ್ಮ್ಡ್, ಲೂಥರನ್ ಸಭೆಯವರ ಕಟ್ಟಡಕ್ಕೆ 'ತಾಂಪ್ಲ್' ಎನ್ನುತ್ತಾರೆ, ಮ್ಯಾಪಿನಲ್ಲಿ ಹಾಗೆಯೇ ಹುಡುಕಿ. ಭಾಷೆಗೆ ಪ್ರೊಟೆಸ್ಟೆಂಟ್ ಪ್ರಸಂಗವೇ ಹೆಚ್ಚು ಉಪಯೋಗ ಅನ್ನುತ್ತೇನೆ, ಉದ್ದವಾಗಿರುತ್ತದೆ ಮತ್ತು ವಾದ ಕಟ್ಟುತ್ತದೆ. 'ದಾಬೋರ್' (ಮೊದಲು), 'ಆಂಸ್ವಿತ್' (ಆಮೇಲೆ), 'ಪೂರ್ತಾಂ' (ಆದರೂ), 'ಒತ್ರಮಾಂ ದಿ' (ಅಂದರೆ) ಎಲ್ಲಿ ಬರುತ್ತವೆ ಎಂದು ಗುರುತಿಸುತ್ತಾ ಕೇಳಿ. ಡೆಲ್ಫ್ ಬಿ2 ಬರವಣಿಗೆಯಲ್ಲಿ ಕನಿಷ್ಠ 250 ಪದಗಳ ವಾದಕ್ಕೆ ಇದೇ ಕೊಂಡಿಗಳು ಬೇಕು. ವಿದ್ಯಾರ್ಥಿಗಳ ಬೈಬಲ್ ಗುಂಪಿಗೆ ಜಿ.ಬಿ.ಯು. ಇದೆ. ಆರೇಳು ಜನ ಸುತ್ತ ಕೂತು ಒಂದು ಭಾಗದ ಮೇಲೆ ಪ್ರಶ್ನೆ ಕೇಳುತ್ತಾರೆ, ಮಾತಾಡದೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಬೈಬಲ್ ಆಯ್ಕೆ ಮುಖ್ಯ. 1910ರ ಲೂಯಿ ಸೆಗೊಂ ಅನುವಾದ ಪುಕ್ಕಟೆ ಸಿಗುತ್ತದೆ ಅಂತ ಅದನ್ನೇ ಹಿಡಿಯಬೇಡಿ, ಭಾಷೆ ಹಳೆಯದು. ನಿಮ್ಮ ಮಟ್ಟಕ್ಕೆ 'ಪಾರೊಲ್ ದ ವೀ', ಸರಳ ಪದಗಳಲ್ಲೇ ಮಾಡಿದ ಅನುವಾದ. ಆಮೇಲೆ 'ಸೆಗೊಂ 21'. ಪೂಜೆಯ ವಾಚನಗಳಲ್ಲಿ ಪಾಸೆ ಸ್ಯಾಂಪ್ಲ್ (ಬರಹದ ಭೂತಕಾಲ) ತುಂಬಿರುತ್ತದೆ. ಓದಿ ಗುರುತು ಹಿಡಿಯಲು ಕಲಿಯಿರಿ, ಬಾಯಲ್ಲಿ ಬಳಸಬೇಡಿ. ಮೌಖಿಕ ಪರೀಕ್ಷೆಯಲ್ಲಿ 'ಇಲ್ ಸಾನಾಲೆರ್' (ಅವರು ಹೊರಟುಹೋದರು) ಅಂತ ಹೇಳಿದರೆ ಪರೀಕ್ಷಕರಿಗೆ ನಗು ಬರುತ್ತದೆ. ಪಾಸೆ ಕೊಂಪೋಜೆ (ಮಾತಿನ ಭೂತಕಾಲ) ಸಾಕು. ಮತ್ತೆ, ಚರ್ಚಿನ ಪದಸಂಪತ್ತು ಪರೀಕ್ಷೆಗೆ ಸಾಲದು. ಪರಿಸರ, ಕೆಲಸ, ತಂತ್ರಜ್ಞಾನದ ಲೇಖನಗಳನ್ನು ವಾರಕ್ಕೆ ಮೂರಾದರೂ ಓದಲೇಬೇಕು. ಒಟ್ಟು 50 ಅಂಕ ಬಂದರೂ ನಾಲ್ಕರಲ್ಲಿ ಒಂದು ಭಾಗದಲ್ಲಿ 5ಕ್ಕಿಂತ ಕಡಿಮೆಯಾದರೆ ಫೇಲು.

ಕಡತಪ್ರೇಮಿ:
ಉಳಿದ ಮೂರಕ್ಕೆ ನಾನು.

ಗುಡ್ ಫ್ರೈಡೇ ಆಲ್ಸಾಸ್ ಮತ್ತು ಮೋಸೆಲ್ ಬಿಟ್ಟರೆ ಫ್ರಾನ್ಸಿನಲ್ಲಿ ರಜೆ ಅಲ್ಲ; ಈಸ್ಟರ್ ಸೋಮವಾರ ರಜೆ. ಕ್ಲಾಸು ತಪ್ಪಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ, ಯೇಸುವಿನ ಪಾಡುಗಳ ಆರಾಧನೆ ಬಹಳ ಕಡೆ ಸಂಜೆ ಇರುತ್ತದೆ. ಮಧ್ಯಾಹ್ನದ ಶಿಲುಬೆಹಾದಿಗೇ ಹೋಗಬೇಕೆಂದರೆ ಮುಂಚಿತವಾಗಿ ಮೇಲ್ ಮಾಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕಾರಣ, ವೀಸಾ ಅವಧಿ ಮುಗಿಯುವ ಎರಡರಿಂದ ನಾಲ್ಕು ತಿಂಗಳು ಮೊದಲು ನವೀಕರಣಕ್ಕೆ ಅರ್ಜಿ ಹಾಕುವಾಗ ಹಾಜರಾತಿ ಪತ್ರ ಕೇಳುತ್ತಾರೆ. ಕಾರಣವಿಲ್ಲದ ಗೈರುಹಾಜರಿಯೇ ಭಾಷಾ ವಿದ್ಯಾರ್ಥಿಗಳಿಗೆ ಮುಳುವಾಗುವುದು.

ಶಿಲುಬೆ ಹಾಕಿಕೊಳ್ಳಿ. ಎದ್ದುಕಾಣುವ ಧಾರ್ಮಿಕ ಚಿಹ್ನೆ ನಿಷೇಧಿಸುವ 2004ರ ಕಾನೂನು ಸರ್ಕಾರಿ ಶಾಲೆಯಿಂದ ಲಿಸೆವರೆಗೆ (ಪಿಯು ಮಟ್ಟ) ಮಾತ್ರ, ವಿಶ್ವವಿದ್ಯಾಲಯಕ್ಕಲ್ಲ. ಆ ಶಾಲೆಗಳಲ್ಲೂ ಸಣ್ಣ ಶಿಲುಬೆಗೆ ತಡೆ ಇಲ್ಲ. ಖಾಸಗಿ ಭಾಷಾಶಾಲೆಯಾದರೆ ಅದರ ನಿಯಮಾವಳಿ ಒಮ್ಮೆ ನೋಡಿ. ಸರ್ಕಾರಿ ಕಚೇರಿಯಲ್ಲಿ ಸ್ಟಾಜ್ (ಇಂಟರ್ನ್‌ಶಿಪ್) ಮಾಡುವಾಗ ಮಾತ್ರ ತೆಗೆದಿಡಬೇಕಾಗುತ್ತದೆ. ಹಾಂ, ಮೊದಲ ಭೇಟಿಯಲ್ಲೇ ಯಾರ ಧರ್ಮ ಯಾವುದು ಎಂದು ಕೇಳಬೇಡಿ, ಒರಟುತನ ಎನಿಸುತ್ತದೆ.

ಫ್ವಾಯೆಗೆ ವಸಂತದಲ್ಲೇ ಬರೆಯಿರಿ, ಸೆಪ್ಟೆಂಬರಿನಲ್ಲಿ ಖಾಲಿ ಸಿಗುವುದು ಅಪರೂಪ. ಅರ್ಜಿಯ ಜೊತೆ ಶಾಲೆಯ ಪ್ರವೇಶಪತ್ರ, ಗುರುತಿನ ದಾಖಲೆ, ಒಂದು ಪುಟದ ಲೆತ್ರ್ ದ ಮೋತಿವಾಸಿಯೊಂ (ಯಾಕೆ ಸೇರಬೇಕೆಂದು ಹೇಳುವ ಪತ್ರ). ಸಹಿ ಹಾಕುವ ಮುಂಚೆ ಕೇಳಿ: ವಯಸ್ಸಿನ ಮಿತಿ ಎಷ್ಟು, ರಾತ್ರಿ ಬಾಗಿಲು ಎಷ್ಟಕ್ಕೆ, ವಾರಾಂತ್ಯ ಮತ್ತು ಆಗಸ್ಟ್‌ನಲ್ಲಿ ತೆರೆದಿರುತ್ತದಾ, ಊಟ ಬಾಡಿಗೆಯಲ್ಲಿ ಸೇರಿದೆಯಾ, ಭಾನುವಾರ ಅಡುಗೆಮನೆ ಬಳಸಬಹುದಾ, ಬಿಡಲು ಎಷ್ಟು ದಿನ ಮೊದಲು ಹೇಳಬೇಕು. ಜಾಮೀನುದಾರರು ಇಲ್ಲದಿದ್ದರೆ ಬಾಡಿಗೆಗೆ ಜಾಮೀನು ನಿಲ್ಲುವ ವಿಸಾಲ್ ಯೋಜನೆ ಇದೆ, 30 ವರ್ಷದವರೆಗಿನ ವಿದ್ಯಾರ್ಥಿಗಳಿಗೆ ಉಚಿತ, ಆದರೆ ಆ ಫ್ವಾಯೆ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸಿ. ಆಯ್ಕೆ ಇದ್ದರೆ ರಾತ್ರಿ ಊಟ ಒಟ್ಟಿಗೆ ಮಾಡುವ ಕಡೆ ಸೇರಿ, ಫ್ರೆಂಚ್ ಹುಡುಗಿಯರು ಅರ್ಧದಷ್ಟಾದರೂ ಇದ್ದಾರಾ ಎಂದು ನೋಡಿಕೊಂಡು. ಎಲ್ಲರೂ ವಿದೇಶಿಯರಾದರೆ ಕ್ಲಾಸಿನ ಬ್ರೇಕ್‌ನ ಕಥೆಯೇ ಊಟದ ಮೇಜಿಗೂ ಬರುತ್ತದೆ.